ಮೂರು ಸೆಕೆಂಡಿನ ಸಿಳ್ಳೆ: ಟೇಕಾಫ್ ಹೊತ್ತಲ್ಲಿ ಮಾತು ತಪ್ಪಿದರೆ

ವಿಮಾನ ಅಪಘಾತಗಳ ಇತಿಹಾಸದಲ್ಲಿ ಅತಿ ಹೆಚ್ಚು ಜನ ಸತ್ತದ್ದು ಆಕಾಶದಲ್ಲಿ ಅಲ್ಲ, ರನ್‌ವೇ ಮೇಲೆ. ಎರಡು ಬೋಯಿಂಗ್ 747 ವಿಮಾನಗಳು. ಎರಡರ ಎಂಜಿನ್ನೂ ಸರಿಯಿತ್ತು, ರೆಕ್ಕೆಯೂ ಸರಿಯಿತ್ತು, ರೇಡಿಯೋ ಕೂಡ ಕೆಟ್ಟಿರಲಿಲ್ಲ. ಪೈಲಟ್‌ಗಳು ಅನುಭವಿಗಳು. ಆದರೂ 583 ಜನ ಹೋದರು. ಯಾವ ಭಾಗವೂ ಕೈಕೊಡದೆ ಇಡೀ ವ್ಯವಸ್ಥೆ ಕೈಕೊಟ್ಟಿದ್ದು ಹೇಗೆ ಅನ್ನೋದು ಎಂಜಿನಿಯರಿಂಗ್ ಓದುವ ನಮಗೆಲ್ಲ ಬೇಕಾದ ಪ್ರಶ್ನೆ. ಇ.ಸಿ.ಯವರಿಗೂ ಇದರಲ್ಲಿ ಪಾಠ ಇದೆ, ಸಿ.ಎಸ್.ನವರಿಗೂ ಇದೆ, ಮೆಕ್ಯಾನಿಕಲ್‌ನವರೂ ತಪ್ಪಿಸಿಕೊಳ್ಳೋ ಹಾಗಿಲ್ಲ.

ಟೆನೆರಿಫ್, 1977 ಮಾರ್ಚ್ 27

ಸ್ಪೇನ್‌ಗೆ ಸೇರಿದ ಕ್ಯಾನರಿ ದ್ವೀಪಗಳಲ್ಲಿ ಗ್ರಾನ್ ಕ್ಯಾನರಿಯಾ ಒಂದು. ಆ ದಿನ ಅಲ್ಲಿನ ವಿಮಾನ ನಿಲ್ದಾಣದಲ್ಲಿ ಬಾಂಬ್ ಸ್ಫೋಟವಾಯಿತು. ಅಲ್ಲಿಗೆ ಬರಬೇಕಿದ್ದ ವಿಮಾನಗಳನ್ನೆಲ್ಲ ಪಕ್ಕದ ಟೆನೆರಿಫ್ ದ್ವೀಪದ ಲೋಸ್ ರೋಡಿಯೋಸ್ ನಿಲ್ದಾಣಕ್ಕೆ ತಿರುಗಿಸಿದರು. ಅದು ಚಿಕ್ಕ ನಿಲ್ದಾಣ, ಇರೋದು ಒಂದೇ ರನ್‌ವೇ. ಬಂದಿಳಿದ ವಿಮಾನಗಳು ಟ್ಯಾಕ್ಸಿವೇ ಮೇಲೆಲ್ಲ ನಿಂತುಬಿಟ್ಟವು. ಹಾಗಾಗಿ ಮತ್ತೆ ಹೊರಡುವವರು ರನ್‌ವೇ ಮೇಲೆಯೇ ಹಿಂದಕ್ಕೆ ನಡೆದುಕೊಂಡು ಹೋಗಿ, ಆ ತುದಿಯಲ್ಲಿ ತಿರುಗಿ, ಟೇಕಾಫ್ ಆಗಬೇಕಿತ್ತು.

ಡಚ್ ಕಂಪನಿ ಕೆ.ಎಲ್.ಎಂ.ನ ವಿಮಾನ ಮೊದಲು ಹೋಗಿ ತುದಿಯಲ್ಲಿ ತಿರುಗಿ ನಿಂತಿತು. ಅಮೆರಿಕದ ಪ್ಯಾನ್ ಆಮ್ ವಿಮಾನ ಅದರ ಹಿಂದೆಯೇ ಅದೇ ರನ್‌ವೇ ಮೇಲೆ ಬರುತ್ತಿತ್ತು. ಮೂರನೇ ತಿರುವಿನಲ್ಲಿ ಆಚೆ ಹೋಗಿ ಅಂತ ಅದಕ್ಕೆ ಹೇಳಿದ್ದರು. ಆದರೆ ಮೂರನೇ ತಿರುವು 747ರಂಥ ದೊಡ್ಡ ವಿಮಾನಕ್ಕೆ ತೀರಾ ಕಡಿದಾಗಿತ್ತು. ಅವರು ನಾಲ್ಕನೆಯದರ ಕಡೆಗೆ ಮುಂದುವರಿದರು. ಅಷ್ಟರಲ್ಲಿ ದಟ್ಟ ಮಂಜು ಕವಿದಿತ್ತು. ಟವರ್‌ಗೆ ಎರಡು ವಿಮಾನವೂ ಕಾಣುತ್ತಿರಲಿಲ್ಲ, ವಿಮಾನಗಳಿಗೆ ಒಂದಕ್ಕೊಂದು ಕಾಣುತ್ತಿರಲಿಲ್ಲ. ನೆಲದ ಮೇಲಿನ ವಿಮಾನ ತೋರಿಸುವ ರೇಡಾರ್ ಆ ನಿಲ್ದಾಣದಲ್ಲಿ ಇರಲಿಲ್ಲ. ಯಾರು ಎಲ್ಲಿದ್ದಾರೆ ಅಂತ ತಿಳಿಯೋಕೆ ಉಳಿದಿದ್ದು ಒಂದೇ ದಾರಿ: ರೇಡಿಯೋದಲ್ಲಿ ಕೇಳಿಸೋ ಮಾತು.

ಕೆ.ಎಲ್.ಎಂ.ನ ಕ್ಯಾಪ್ಟನ್ ಸಾಮಾನ್ಯ ವ್ಯಕ್ತಿಯಲ್ಲ, ಕಂಪನಿಯ 747 ತರಬೇತಿಯ ಮುಖ್ಯಸ್ಥ. ಆದರೆ ಅವರಿಗೆ ಆತುರವಿತ್ತು. ಡ್ಯೂಟಿ ಅವಧಿ ಮೀರಿದರೆ ಡಚ್ ಕಾನೂನಿನ ಪ್ರಕಾರ ಹಾರುವಂತಿಲ್ಲ, ಮಂಜು ಬೇರೆ ಹೆಚ್ಚಾಗುತ್ತಿದೆ. ವಿಮಾನ ತಿರುಗಿ ನಿಂತ ಕೂಡಲೇ ಅವರು ಥ್ರಾಟಲ್ ಮುಂದಕ್ಕೆ ತಳ್ಳಿದರು. ಸಹಪೈಲಟ್ ‘ತಡೀರಿ, ಇನ್ನೂ ಕ್ಲಿಯರೆನ್ಸ್ ಬಂದಿಲ್ಲ’ ಅಂತ ತಡೆದರು. ಆಮೇಲೆ ಟವರ್‌ನಿಂದ ಬಂದದ್ದು ಮಾರ್ಗದ ಕ್ಲಿಯರೆನ್ಸ್. ಅಂದರೆ ಹಾರಿದ ಮೇಲೆ ಎಷ್ಟು ಎತ್ತರಕ್ಕೆ ಏರಬೇಕು, ಯಾವ ಕಡೆ ತಿರುಗಬೇಕು ಅನ್ನೋ ವಿವರ. ಹಾರೋಕೆ ಅನುಮತಿ ಅಲ್ಲ. ಆದರೆ ಆ ಸಂದೇಶದ ಒಳಗೆ ‘ಟೇಕಾಫ್ ಆದ ಮೇಲೆ’ ಅನ್ನೋ ಪದ ಇತ್ತು. ಸಹಪೈಲಟ್ ಅದನ್ನು ಓದಿ ಒಪ್ಪಿಸುತ್ತಿರುವಾಗಲೇ ಕ್ಯಾಪ್ಟನ್ ಬ್ರೇಕ್ ಬಿಟ್ಟರು. ಸಹಪೈಲಟ್ ಕೊನೆಗೆ ಅವಸರದಲ್ಲಿ ಸೇರಿಸಿದ ಮಾತು: ‘ವಿ ಆರ್ ನೌ ಅಟ್ ಟೇಕಾಫ್.’

ಟವರ್‌ನಲ್ಲಿ ಕೂತವರು ಇದನ್ನು ‘ಟೇಕಾಫ್ ಜಾಗದಲ್ಲಿ ಕಾಯ್ತಿದ್ದೇವೆ’ ಅಂತ ತಿಳಿದರು. ಹೇಳಿದವರ ಅರ್ಥ ‘ಟೇಕಾಫ್ ಆಗ್ತಾ ಇದ್ದೇವೆ’ ಅಂತ. ಟವರ್ ‘ಓಕೆ’ ಅಂದಿತು. ಒಂದೆರಡು ಸೆಕೆಂಡು ಬಿಟ್ಟು, ಟೇಕಾಫ್‌ಗೆ ಕಾಯಿರಿ, ನಾನೇ ಕರೆಯುತ್ತೇನೆ ಅಂತ ಸೇರಿಸಿತು. ಇತ್ತ ‘ಓಕೆ’ ಕೇಳಿ ಗಾಬರಿಯಾದ ಪ್ಯಾನ್ ಆಮ್‌ನವರು ಅದೇ ಗಳಿಗೆಯಲ್ಲಿ, ನಾವಿನ್ನೂ ರನ್‌ವೇ ಮೇಲೆಯೇ ಇದ್ದೇವೆ ಅಂತ ಹೇಳಿದರು. ಎರಡೂ ಮಾತು ಒಂದರ ಮೇಲೊಂದು ಬಿದ್ದವು. ಕೆ.ಎಲ್.ಎಂ. ಕಾಕ್‌ಪಿಟ್‌ನಲ್ಲಿ ಸ್ಪಷ್ಟವಾಗಿ ಕೇಳಿದ್ದು ‘ಓಕೆ’ ಮಾತ್ರ. ಆಮೇಲೆ ಮೂರು ಸೆಕೆಂಡು ಚಿಲ್ ಅನ್ನೋ ಸಿಳ್ಳೆ.

ಕೆ.ಎಲ್.ಎಂ.ನಲ್ಲಿದ್ದ 248 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಪ್ಯಾನ್ ಆಮ್‌ನಲ್ಲಿ 335 ಜನ ಸತ್ತರು, 61 ಜನ ಬದುಕಿದರು.

ಆ ಸಿಳ್ಳೆ ಎಲ್ಲಿಂದ ಬಂತು?

ಇ.ಸಿ.ಯವರು ಎ.ಎಂ. ಡಿಮಾಡ್ಯುಲೇಷನ್ ಪ್ರಯೋಗ ಮಾಡೇ ಮಾಡಿರ್ತೀರಿ: ಒಂದು ಡಯೋಡ್, ಒಂದು ರೆಸಿಸ್ಟರ್, ಒಂದು ಕೆಪಾಸಿಟರ್. ‘ಎ.ಎಂ. ಈಗ ಯಾರು ಬಳಸ್ತಾರೆ?’ ಅಂತ ವೈವಾದಲ್ಲಿ ಕೇಳಿದರೆ ಧೈರ್ಯವಾಗಿ ಉತ್ತರ ಹೇಳಿ: ಜಗತ್ತಿನ ಎಲ್ಲ ಪ್ರಯಾಣಿಕ ವಿಮಾನಗಳು. ಪೈಲಟ್ ಮತ್ತು ಕಂಟ್ರೋಲರ್ ನಡುವಿನ ಮಾತು ಇವತ್ತಿಗೂ 118ರಿಂದ 137 ಮೆಗಾಹರ್ಟ್ಸ್ ನಡುವಿನ ವಿ.ಎಚ್.ಎಫ್. ಬ್ಯಾಂಡಿನಲ್ಲಿ, ಎ.ಎಂ.ನಲ್ಲೇ ನಡೆಯುತ್ತದೆ.

ಒಂದೇ ಚಾನೆಲ್‌ನಲ್ಲಿ ಇಬ್ಬರು ಒಟ್ಟಿಗೆ ಬಟನ್ ಒತ್ತಿದರು ಅಂದುಕೊಳ್ಳಿ. ಇಬ್ಬರ ಕ್ಯಾರಿಯರ್ ಫ್ರೀಕ್ವೆನ್ಸಿ ಕಾಗದದ ಮೇಲೆ ಒಂದೇ. ನಿಜದಲ್ಲಿ ಯಾವ ಎರಡು ಕ್ರಿಸ್ಟಲ್ ಆಸಿಲೇಟರ್ ಕೂಡ ಪೂರ್ತಿ ಒಂದೇ ಥರ ಇರೋದಿಲ್ಲ. 120 ಮೆಗಾಹರ್ಟ್ಸ್‌ನಲ್ಲಿ ಹತ್ತು ಲಕ್ಷಕ್ಕೆ 10 ಪಾಲು ವ್ಯತ್ಯಾಸ ಇದ್ದರೂ ಸಾಕು, ಅದು 1200 ಹರ್ಟ್ಸ್ ಆಗುತ್ತದೆ. ಎನ್ವಲಪ್ ಡಿಟೆಕ್ಟರ್‌ಗೆ ಎರಡು ಕ್ಯಾರಿಯರ್ ಒಟ್ಟಿಗೆ ಬಂದರೆ, ಅವುಗಳ ಮೊತ್ತದ ಎನ್ವಲಪ್ ಆ ವ್ಯತ್ಯಾಸದ ಫ್ರೀಕ್ವೆನ್ಸಿಯಲ್ಲೇ ಏರಿಳಿಯುತ್ತದೆ. ಆ ಏರಿಳಿತವನ್ನು ಸ್ಪೀಕರ್ ಸಿಳ್ಳೆಯಾಗಿ ಊದುತ್ತದೆ. ಇದಕ್ಕೆ ಹೆಟರೊಡೈನ್ ಅಂತ ಹೆಸರು. ಪಿಟೀಲು ಶ್ರುತಿ ಮಾಡುವಾಗ ಎರಡು ತಂತಿ ಒಂಚೂರು ಹೊಂದದೇ ಇದ್ದರೆ ‘ವೊಂಯ್ ವೊಂಯ್’ ಅಂತ ಅಲೆ ಕೇಳಿಸುತ್ತಲ್ಲ, ಅದೇ ಬೀಟ್. ಇಲ್ಲಿ ವ್ಯತ್ಯಾಸ ದೊಡ್ಡದು, ಅದಕ್ಕೇ ಅದು ಸಿಳ್ಳೆ.

ಫಿಲ್ಟರ್ ಹಾಕಿ ತೆಗೆಯಬಹುದಲ್ಲ ಅಂತ ಕೇಳಬಹುದು. ಆಗಲ್ಲ. ಮನುಷ್ಯರ ಮಾತಿನ ಮುಖ್ಯ ಭಾಗ ಇರೋದೇ ಸುಮಾರು 300ರಿಂದ 3400 ಹರ್ಟ್ಸ್ ನಡುವೆ. ಸಿಳ್ಳೆ ಬೀಳೋದೂ ಅಲ್ಲೇ. ಸಿಳ್ಳೆ ಕತ್ತರಿಸಿದರೆ ಮಾತೂ ತುಂಡಾಗುತ್ತದೆ. ಮೇಲಾಗಿ ಆ ಹೊತ್ತಲ್ಲಿ ಎರಡು ಮಾತೂ ಒಂದರೊಳಗೊಂದು ಕಲಸಿಹೋಗಿರುತ್ತವೆ.

ಹಾಗಾದರೆ ಎಫ್.ಎಂ.ಗೆ ಯಾಕೆ ಬದಲಾಯಿಸಲಿಲ್ಲ? ಸ್ವಲ್ಪ ಯೋಚಿಸಿ. ಎಫ್.ಎಂ.ನಲ್ಲಿ ಕ್ಯಾಪ್ಚರ್ ಎಫೆಕ್ಟ್ ಇದೆ. ಎರಡು ಸಿಗ್ನಲ್ ಬಂದರೆ ಬಲವಾದದ್ದು ಗೆಲ್ಲುತ್ತದೆ, ದುರ್ಬಲವಾದದ್ದು ಸದ್ದಿಲ್ಲದೆ ಮಾಯವಾಗುತ್ತದೆ. ಕೇಳುವವರಿಗೆ ಇನ್ನೊಬ್ಬರು ಮಾತಾಡಿದ್ದೇ ಗೊತ್ತಾಗೋದಿಲ್ಲ. ಅವರು ಆಪತ್ತಿನಲ್ಲಿರುವ ಪೈಲಟ್ ಆಗಿದ್ದರೆ? ಎ.ಎಂ.ನ ಸಿಳ್ಳೆ ಕಿವಿಗೆ ಕೆಟ್ಟದ್ದೇ, ಆದರೆ ಅದು ಒಂದು ಮಾಹಿತಿ ಕೊಡುತ್ತದೆ: ಇಬ್ಬರು ಒಟ್ಟಿಗೆ ಮಾತಾಡಿದ್ದಾರೆ, ನೀನು ಏನೋ ಕಳೆದುಕೊಂಡಿದ್ದೀಯ. ಟೆನೆರಿಫ್‌ನಲ್ಲಿ ರೇಡಿಯೋ ಆ ಎಚ್ಚರಿಕೆ ಕೊಟ್ಟಿತು. ಯಾರೂ ‘ಮತ್ತೊಮ್ಮೆ ಹೇಳಿ’ ಅಂತ ಕೇಳಲಿಲ್ಲ.

‘ಆಯ್ತು’ ಅಂದ್ರೆ ಏನಾಯ್ತು?

ಈಗ ಸಿ.ಎಸ್. ಗೆಳೆಯರ ಸರದಿ. ವಿಮಾನದ ರೇಡಿಯೋ ಹಾಫ್ ಡ್ಯುಪ್ಲೆಕ್ಸ್. ಬಟನ್ ಒತ್ತಿ ಹಿಡಿದಷ್ಟು ಹೊತ್ತು ನಿಮ್ಮ ರಿಸೀವರ್ ಬಾಯಿ ಮುಚ್ಚಿಕೊಂಡಿರುತ್ತದೆ. ಹಳೆಯ ಈಥರ್‌ನೆಟ್‌ನಲ್ಲಿ ಎರಡು ಕಂಪ್ಯೂಟರ್ ಒಟ್ಟಿಗೆ ಕಳಿಸಿದರೆ ಡಿಕ್ಕಿ ಪತ್ತೆಯಾಗಿ ಇಬ್ಬರೂ ಹಿಂದೆ ಸರಿದು ಮತ್ತೆ ಕಳಿಸುತ್ತಿದ್ದರು. ಇಲ್ಲಿ ಆ ಸೌಕರ್ಯ ಇಲ್ಲ. ನಿಮ್ಮ ಮಾತು ಯಾರದೋ ಮಾತಿಗೆ ಡಿಕ್ಕಿ ಹೊಡೆದಿದ್ದು ನಿಮಗೆ ಮಾತ್ರ ಗೊತ್ತಾಗೋದಿಲ್ಲ. ಆದ್ದರಿಂದ ಇಲ್ಲಿ ಭರವಸೆ ಇರೋದು ಅಕ್ನಾಲೆಡ್ಜ್‌ಮೆಂಟ್ ಮೇಲೆ.

ಆ ಅಕ್ನಾಲೆಡ್ಜ್‌ಮೆಂಟ್‌ನಲ್ಲಿ ಏನಿರಬೇಕು ಅನ್ನೋದೇ ವಿಷಯ. ‘ಓಕೆ’ ಅಂದರೆ ಕೇಳಿಸಿತು ಅಂತಲೋ, ಒಪ್ಪಿದೆ ಅಂತಲೋ, ಮುಂದುವರಿ ಅಂತಲೋ? ಇದು ಇಂಗ್ಲಿಷಿನ ರೋಗ ಮಾತ್ರ ಅಲ್ಲ. ನಮ್ಮ ‘ಹೂಂ’ ನೋಡಿ. ‘ಕೇಳ್ತಿದ್ದೇನೆ’ ಅಂತಲೂ ಆಗುತ್ತದೆ, ‘ಹೌದು’ ಅಂತಲೂ ಆಗುತ್ತದೆ. ‘ಆಯ್ತು’ ಅಂತೂ ಇನ್ನೂ ಅಪಾಯ: ‘ಸರಿ, ಮಾಡ್ತೀನಿ’ ಅನ್ನೋದಕ್ಕೂ ಆಯ್ತು, ‘ಮಾಡಿ ಮುಗಿಸಿದೆ’ ಅನ್ನೋದಕ್ಕೂ ಆಯ್ತು. ಕೆಲಸ ಇನ್ನೂ ಶುರುವಾಗಿಲ್ಲ ಅನ್ನೋದಕ್ಕೂ ಮುಗಿದುಹೋಯಿತು ಅನ್ನೋದಕ್ಕೂ ಒಂದೇ ಪದ!

ಹಾಗಾಗಿ ವಾಯುಯಾನದಲ್ಲಿ ಮುಖ್ಯ ಸೂಚನೆಗಳಿಗೆ ರೀಡ್‌ಬ್ಯಾಕ್ ಬೇಕು. ಯಾವ ರನ್‌ವೇ, ಯಾವ ಎತ್ತರ, ನಿಲ್ಲಬೇಕೋ ಹೋಗಬೇಕೋ, ಇದನ್ನೆಲ್ಲ ಪೈಲಟ್ ಪೂರ್ತಿ ತಿರುಗಿ ಹೇಳಬೇಕು. ಕಂಟ್ರೋಲರ್ ಅದನ್ನು ಗಮನವಿಟ್ಟು ಕೇಳಿ ತಪ್ಪಿದ್ದರೆ ಅಲ್ಲೇ ತಿದ್ದಬೇಕು. ಅಂದರೆ ಬರೀ ‘ಪ್ಯಾಕೆಟ್ ಬಂತು’ ಅನ್ನೋದಲ್ಲ, ಪ್ಯಾಕೆಟ್‌ನ ಒಳಗಿರೋದನ್ನೇ ವಾಪಸ್ ಕಳಿಸಿ ತಾಳೆ ನೋಡೋದು.

ಟೆನೆರಿಫ್ ನಂತರ ಇನ್ನೊಂದು ಪದ ನಿಯಮವೂ ಗಟ್ಟಿಯಾಯಿತು. ‘ಟೇಕಾಫ್’ ಅನ್ನೋ ಪದವನ್ನು ಹಾರೋಕೆ ನಿಜವಾಗಿ ಅನುಮತಿ ಕೊಡುವಾಗ, ಅಥವಾ ಕೊಟ್ಟ ಅನುಮತಿಯನ್ನು ರದ್ದು ಮಾಡುವಾಗ ಮಾತ್ರ ಬಳಸಬೇಕು. ಉಳಿದ ಕಡೆ ‘ಡಿಪಾರ್ಚರ್’. ಪ್ರೋಗ್ರಾಮಿಂಗ್ ಭಾಷೆಯಲ್ಲಿ ರಿಸರ್ವ್ಡ್ ಕೀವರ್ಡ್ ಇರುತ್ತಲ್ಲ, ಅದನ್ನು ವೇರಿಯಬಲ್ ಹೆಸರಾಗಿ ಬಳಸೋ ಹಾಗಿಲ್ಲ ಅಂತ. ಹಾಗೇ.

ಕಾಕ್‌ಪಿಟ್ ಒಳಗಿನ ಮಾತು

ಆದರೆ ಟೆನೆರಿಫ್‌ನಲ್ಲಿ ಕೊನೆಯದೊಂದು ಅವಕಾಶ ಇತ್ತು. ಸಿಳ್ಳೆ ಮುಗಿದ ಮೇಲೆ ಟವರ್ ಪ್ಯಾನ್ ಆಮ್‌ಗೆ, ರನ್‌ವೇ ಖಾಲಿ ಮಾಡಿದ ಮೇಲೆ ತಿಳಿಸಿ ಅಂತು. ಅವರು ತಿಳಿಸ್ತೇವೆ ಅಂದರು. ಇದು ಕೆ.ಎಲ್.ಎಂ.ನಲ್ಲಿ ಕೇಳಿಸುವಂತಿತ್ತು. ಅಲ್ಲಿನ ಫ್ಲೈಟ್ ಎಂಜಿನಿಯರ್ ಕಿವಿಗೆ ಬಿತ್ತು ಕೂಡ. ಆ ಪ್ಯಾನ್ ಆಮ್ ಇನ್ನೂ ಆಚೆ ಹೋಗಿಲ್ವಾ ಅಂತ ಅವರು ಕೇಳಿದರು. ಕ್ಯಾಪ್ಟನ್ ಖಡಾಖಂಡಿತವಾಗಿ ಹೋಗಿದೆ ಅಂದರು. ಅಷ್ಟು ದೊಡ್ಡ ಗುರು ಹೇಳಿದ ಮೇಲೆ ಎದುರು ಮಾತು ಬರಲಿಲ್ಲ. ಕೂತಲ್ಲಿಂದ ‘ನಿಲ್ಲಿಸಿ’ ಅನ್ನೋ ಹಕ್ಕು ಚಿಕ್ಕವರಿಗೂ ಇರಬೇಕು ಅನ್ನೋ ತರಬೇತಿ ಆಮೇಲೆ ಬೆಳೆಯಿತು. 1979ರಲ್ಲಿ ನಾಸಾ ನಡೆಸಿದ ಕಾರ್ಯಾಗಾರದಿಂದ ಇದಕ್ಕೊಂದು ರೂಪ ಬಂತು. ಇವತ್ತು ಅದನ್ನು ಕ್ರ್ಯೂ ರಿಸೋರ್ಸ್ ಮ್ಯಾನೇಜ್‌ಮೆಂಟ್ ಅಂತಾರೆ.

ಹೊರಗಿನ ಮಾತು ಕೆಡೋದು ಒಂದು ಬಗೆ. ಒಳಗಿನ ಮಾತು ಹೆಚ್ಚಾಗೋದು ಇನ್ನೊಂದು. 1974ರಲ್ಲಿ ಅಮೆರಿಕದ ಷಾರ್ಲಟ್‌ನಲ್ಲಿ ಇಳಿಯುತ್ತಿದ್ದ ಈಸ್ಟರ್ನ್ ಏರ್‌ಲೈನ್ಸ್ ವಿಮಾನ ನೆಲಕ್ಕಪ್ಪಳಿಸಿತು. ಕೊನೆಯ ನಿಮಿಷಗಳಲ್ಲಿ ಪೈಲಟ್‌ಗಳು ರಾಜಕೀಯ, ಹಳೇ ಕಾರು ಅಂತ ಹರಟುತ್ತಿದ್ದದ್ದು ವಾಯ್ಸ್ ರೆಕಾರ್ಡರ್‌ನಲ್ಲಿ ಸಿಕ್ಕಿತು. ಇಂಥ ಅಪಘಾತಗಳಿಂದಾಗಿ 1981ರಲ್ಲಿ ಅಮೆರಿಕದಲ್ಲಿ ‘ಸ್ಟೆರೈಲ್ ಕಾಕ್‌ಪಿಟ್’ ನಿಯಮ ಬಂತು. ಟ್ಯಾಕ್ಸಿ, ಟೇಕಾಫ್, ಲ್ಯಾಂಡಿಂಗ್ ಹೊತ್ತಲ್ಲಿ, ಮತ್ತು 10,000 ಅಡಿಗಿಂತ ಕೆಳಗೆ ಹಾರುವಾಗ, ಹಾರಾಟಕ್ಕೆ ಬೇಡದ ಮಾತು, ಕೆಲಸ ಯಾವುದೂ ಕೂಡದು. ಆಪರೇಷನ್ ಥಿಯೇಟರ್ ಒಳಗೆ ಧೂಳು ಬಿಡೋದಿಲ್ಲವಲ್ಲ, ಹಾಗೆ ಕಾಕ್‌ಪಿಟ್ ಒಳಗೆ ಹರಟೆ ಬಿಡೋದಿಲ್ಲ.

ನಿಯಮ ಬಂದ ಮೇಲೂ ಏನಾಯಿತು ನೋಡಿ. 2006ರ ಆಗಸ್ಟ್ 27, ಅಮೆರಿಕದ ಲೆಕ್ಸಿಂಗ್ಟನ್ ನಿಲ್ದಾಣ, ಬೆಳಗಾಗುವ ಮುಂಚೆ. ಕಾಮೇರ್ ಕಂಪನಿಯ ವಿಮಾನಕ್ಕೆ ಸಿಕ್ಕಿದ್ದು 7003 ಅಡಿ ಉದ್ದದ 22ನೇ ರನ್‌ವೇ. ಪೈಲಟ್‌ಗಳು ಹತ್ತಿದ್ದು 3500 ಅಡಿಯ 26ನೇ ರನ್‌ವೇ. ರನ್‌ವೇಗೆ ಸಂಖ್ಯೆ ಇಡೋದು ದಿಕ್ಸೂಚಿಯ ಪ್ರಕಾರ: 22 ಅಂದರೆ ಸುಮಾರು 220 ಡಿಗ್ರಿ, 26 ಅಂದರೆ 260. ಅಂದರೆ ಎದುರಿನ ಮೀಟರ್‌ನಲ್ಲೇ 40 ಡಿಗ್ರಿ ವ್ಯತ್ಯಾಸ ಕಾಣುತ್ತಿತ್ತು. ರನ್‌ವೇ ದೀಪ ಇಲ್ಲದ್ದು ವಿಚಿತ್ರ ಅಂತ ಓಡುವಾಗ ಅವರಲ್ಲೇ ಒಬ್ಬರು ಗುರುತಿಸಿದರು ಕೂಡ. ಟ್ಯಾಕ್ಸಿ ಮಾಡುವಾಗ ಸುಮಾರು 40 ಸೆಕೆಂಡು ಅವರು ಸಂಬಂಧವಿಲ್ಲದ ಮಾತಾಡಿದ್ದರು. ಟವರ್‌ನಲ್ಲಿದ್ದವರು ಒಬ್ಬರೇ, ಅನುಮತಿ ಕೊಟ್ಟ ಮೇಲೆ ಬೇರೆ ಕೆಲಸಕ್ಕೆ ತಿರುಗಿಕೊಂಡಿದ್ದರು. ಒಳಗಿದ್ದ 50 ಜನರಲ್ಲಿ 49 ಜನ ಸತ್ತರು. ರೇಡಿಯೋದಲ್ಲಿ ರನ್‌ವೇ ಸಂಖ್ಯೆ ತಪ್ಪಿರಲಿಲ್ಲ, 22 ಅಂತಲೇ ಹೇಳಿದ್ದರು, 22 ಅಂತಲೇ ಕೇಳಿದ್ದರು. ಸಂದೇಶ ಸರಿಯಾಗಿ ತಲುಪಿದರೂ ಗಮನ ಅಲ್ಲಿಲ್ಲದಿದ್ದರೆ ಪ್ರಯೋಜನವಿಲ್ಲ.

ಗಮನ ತಪ್ಪಿಸೋದು ಹರಟೆ ಒಂದೇ ಅಲ್ಲ, ಕೆಲಸವೂ ಹೌದು. 1987ರ ಆಗಸ್ಟ್ 16ರಂದು ಡೆಟ್ರಾಯಿಟ್‌ನಲ್ಲಿ ನಾರ್ತ್‌ವೆಸ್ಟ್ ಕಂಪನಿಯ ಎಂ.ಡಿ.-82 ವಿಮಾನ ಹೊರಟಿತ್ತು. ಅಷ್ಟರಲ್ಲಿ ರನ್‌ವೇ ಬದಲಾಯಿತು. ಹೊಸ ರನ್‌ವೇಗೆ ಲೆಕ್ಕ ನೋಡಬೇಕು, ಹೊಸ ಹವಾಮಾನ ವರದಿ ಕೇಳಬೇಕು, ದಾರಿ ಹುಡುಕಬೇಕು. ನಡುವೆ ಒಂದು ತಿರುವು ತಪ್ಪಿತು. ಈ ಗಡಿಬಿಡಿಯಲ್ಲಿ ಟ್ಯಾಕ್ಸಿ ಚೆಕ್‌ಲಿಸ್ಟ್ ಮಾಡಲೇ ಇಲ್ಲ. ಫ್ಲಾಪ್ ಇಳಿಸದೆಯೇ ಟೇಕಾಫ್ ಆದರು. ಫ್ಲಾಪ್ ಇಲ್ಲದಿದ್ದರೆ ಕೂಗಬೇಕಿದ್ದ ಅಲಾರಂಗೆ ವಿದ್ಯುತ್ ಪೂರೈಕೆಯೇ ಇರಲಿಲ್ಲ. ವಿಮಾನದಲ್ಲಿದ್ದ 155 ಜನರಲ್ಲಿ ನಾಲ್ಕು ವರ್ಷದ ಒಂದು ಮಗು ಮಾತ್ರ ಉಳಿಯಿತು. ನೆಲದ ಮೇಲಿದ್ದ ಇಬ್ಬರೂ ಸತ್ತರು.

ಅವರು ಸೋಮಾರಿಗಳಾಗಿರಲಿಲ್ಲ, ಕೈತುಂಬ ಕೆಲಸದಲ್ಲಿದ್ದರು. ನಮ್ಮ ಮೆದುಳು ‘ಆಮೇಲೆ ಮಾಡಬೇಕು’ ಅನ್ನೋದನ್ನು ಅಲಾರಂ ಇಟ್ಟು ನೆನಪಿಸೋದಿಲ್ಲ. ಸಂದರ್ಭ ನೋಡಿ ನೆನಪಿಸುತ್ತದೆ. ಮಾಮೂಲಿ ಸಂದರ್ಭ ಮಧ್ಯದಲ್ಲೇ ಮುರಿದರೆ, ನೆನಪಿನ ಕೊಂಡಿಯೂ ಕಳಚುತ್ತದೆ. ಚೆಕ್‌ಲಿಸ್ಟ್ ಇರೋದು ಇದಕ್ಕೇ. ಅದನ್ನು ಓದೋಕೆ ಶುರು ಮಾಡೋದನ್ನೇ ಮರೆತರೆ ಮಾತ್ರ ಅದೂ ಅಸಹಾಯಕ.

ನಮ್ಮ ನೆಲದಲ್ಲಿ

1996ರ ನವೆಂಬರ್ 12ರಂದು ದೆಹಲಿಯಿಂದ ಹೊರಟ ಸೌದಿ ವಿಮಾನ ಮತ್ತು ದೆಹಲಿಗೆ ಬರುತ್ತಿದ್ದ ಕಜಕ್‌ಸ್ತಾನದ ವಿಮಾನ ಹರಿಯಾಣದ ಚರ್ಖಿ ದಾದ್ರಿ ಮೇಲೆ ಡಿಕ್ಕಿ ಹೊಡೆದು 349 ಜನರೂ ಸತ್ತರು. ಒಂದಕ್ಕೆ 14,000 ಅಡಿ, ಇನ್ನೊಂದಕ್ಕೆ 15,000 ಅಡಿ ಅಂತ ಹೇಳಲಾಗಿತ್ತು. ಕಜಕ್ ವಿಮಾನದಲ್ಲಿ ಟವರ್ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದದ್ದು ರೇಡಿಯೋ ಆಪರೇಟರ್, ವಿಮಾನ ನಡೆಸುತ್ತಿದ್ದ ಪೈಲಟ್ ಅಲ್ಲ. ಅಂದರೆ ಸಂದೇಶಕ್ಕೆ ಮಧ್ಯೆ ಒಂದು ಹಾಪ್ ಜಾಸ್ತಿ. ವಿಮಾನ 15,000ದಲ್ಲಿ ನಿಲ್ಲದೆ ಇಳಿಯುತ್ತಲೇ ಹೋಯಿತು. ಆಗ ದೆಹಲಿಯ ರೇಡಾರ್ ಎತ್ತರ ತೋರಿಸುತ್ತಿರಲಿಲ್ಲ, ಬರುವವರಿಗೂ ಹೋಗುವವರಿಗೂ ಒಂದೇ ದಾರಿ ಇತ್ತು. ದಾರಿಗಳು ಬೇರೆಯಾಗಿದ್ದು, ಒಳ್ಳೆ ರೇಡಾರ್ ಬಂದದ್ದು, ಡಿಕ್ಕಿ ತಪ್ಪಿಸುವ ಉಪಕರಣ ಕಡ್ಡಾಯವಾಗಿದ್ದು ಆಮೇಲೆ.

ಬೆಂಗಳೂರಿಗೆ ಬನ್ನಿ. 2022ರ ಜನವರಿ 7ರ ಬೆಳಿಗ್ಗೆ ಕೆಂಪೇಗೌಡ ನಿಲ್ದಾಣದ ಎರಡು ಸಮಾನಾಂತರ ರನ್‌ವೇಗಳಿಂದ ಎರಡು ವಿಮಾನಗಳು ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಹಾರಿ, ಒಂದರ ಕಡೆಗೆ ಇನ್ನೊಂದು ಸಾಗಿದವು. ಒಂದೇ ರನ್‌ವೇ ಬಳಸೋಣ ಅಂತ ಪಾಳಿಯ ಮುಖ್ಯಸ್ಥರು ತೀರ್ಮಾನಿಸಿದ್ದರು. ಆ ವಿಷಯ ಇನ್ನೊಂದು ರನ್‌ವೇ ನೋಡಿಕೊಳ್ಳುತ್ತಿದ್ದ ಕಂಟ್ರೋಲರ್‌ಗೆ ತಲುಪಿರಲಿಲ್ಲ. ರೇಡಾರ್ ನೋಡುತ್ತಿದ್ದ ಕಂಟ್ರೋಲರ್ ಗಮನಿಸಿ ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು. ಯಾರಿಗೂ ಏನೂ ಆಗಲಿಲ್ಲ. ಇಲ್ಲಿ ತಪ್ಪಿದ್ದು ರೇಡಿಯೋ ಮಾತಲ್ಲ, ಕಂಟ್ರೋಲರ್‌ಗಳ ನಡುವಿನ ಮಾತು.

ಟೆಕ್ನಾಲಜಿಯಿಂದ ಪರಿಹಾರ ಇಲ್ವಾ?

ಇದೆ, ಆದರೆ ಪುಕ್ಕಟೆ ಅಲ್ಲ. ಈಗ ಅನೇಕ ನಿಲ್ದಾಣಗಳಲ್ಲಿ ಮಾರ್ಗದ ಕ್ಲಿಯರೆನ್ಸ್ ಅಕ್ಷರ ರೂಪದಲ್ಲಿ ಡೇಟಾಲಿಂಕ್ ಮೂಲಕ ಪರದೆ ಮೇಲೆ ಬರುತ್ತದೆ. ಸಿಳ್ಳೆ ಇಲ್ಲ, ಉಚ್ಚಾರಣೆಯ ಗೊಂದಲ ಇಲ್ಲ. ಆದರೆ ಒಬ್ಬರ ಸಂದೇಶ ಇನ್ನೊಬ್ಬರಿಗೆ ಕೇಳಿಸೋದಿಲ್ಲ. ಎಲ್ಲರೂ ಒಂದೇ ಚಾನೆಲ್‌ನಲ್ಲಿ ಇರೋದರಿಂದ ಸುತ್ತ ಯಾರು ಏನು ಮಾಡ್ತಿದ್ದಾರೆ ಅನ್ನೋ ಚಿತ್ರ ತಾನಾಗೇ ಸಿಗುತ್ತದೆ. ಪ್ಯಾನ್ ಆಮ್‌ನವರು ಗಾಬರಿಯಾಗಿ ಮಾತಾಡಿದ್ದೇ ಟವರ್‌ನ ‘ಓಕೆ’ ಅವರಿಗೂ ಕೇಳಿಸಿದ್ದರಿಂದ. ಪರದೆ ಓದೋಕೆ ತಲೆ ಬಗ್ಗಿಸಬೇಕು ಅನ್ನೋದು ಇನ್ನೊಂದು. ಟ್ಯಾಕ್ಸಿ ಮಾಡುವಾಗ ಅದೂ ಗಮನ ಸೆಳೆಯುವ ವಸ್ತುವೇ. ಆದ್ದರಿಂದ ತುರ್ತು ಮಾತಿಗೆ ಧ್ವನಿ, ಉದ್ದನೆಯ ವಿವರಕ್ಕೆ ಅಕ್ಷರ ಅಂತ ಎರಡನ್ನೂ ಇಟ್ಟುಕೊಂಡಿದ್ದಾರೆ.

ಲ್ಯಾಬಿಗೂ ಇದೇ ನಿಯಮ

ಇಂಥ ಅಪಘಾತ ಓದಿದಾಗ ‘ಪೈಲಟ್ ತಪ್ಪು’ ಅಂತ ಮುಗಿಸಿಬಿಡೋದು ಸುಲಭ. ಆದರೆ ಎಂಜಿನಿಯರ್ ಅಲ್ಲಿಗೆ ನಿಲ್ಲಿಸಿದರೆ ಮುಂದಿನ ಪೈಲಟ್ ಅದೇ ಗುಂಡಿಗೆ ಬೀಳ್ತಾನೆ. ಮನುಷ್ಯ ಆತುರಪಡ್ತಾನೆ, ಮರೀತಾನೆ, ಬೇಕಾದ್ದನ್ನೇ ಕೇಳಿಸಿಕೊಳ್ತಾನೆ. ಅವನನ್ನು ಹಾಗೇ ಒಪ್ಪಿಕೊಂಡು ಪದ, ನಿಯಮ, ಅಲಾರಂ ಎಲ್ಲವನ್ನೂ ರೂಪಿಸಬೇಕು.

ನಮ್ಮಲ್ಲಿ ವಿದ್ಯುತ್ ಲೈನ್ ಮೇಲೆ ಕೆಲಸ ಮಾಡುವವರು ‘ಎಲ್.ಸಿ.’ ತಗೊಳ್ಳೋದನ್ನು ಇ.ಇ. ಗೆಳೆಯರು ಕೇಳಿರ್ತೀರಿ. ಲೈನ್ ಕ್ಲಿಯರ್ ಅಂತ. ಲೈನ್ ಆಫ್ ಮಾಡಿಸಿ, ಎಲ್.ಸಿ. ಪಡೆದ ಮೇಲೆಯೇ ಕಂಬ ಹತ್ತಬೇಕು. ಕೆಲಸ ಮುಗಿಸಿ ಅದನ್ನು ವಾಪಸ್ ಕೊಟ್ಟ ಮೇಲೆಯೇ ಚಾರ್ಜ್ ಮಾಡಬೇಕು. ಟೇಕಾಫ್ ಕ್ಲಿಯರೆನ್ಸ್‌ಗೂ ಇದಕ್ಕೂ ತತ್ವ ಒಂದೇ.

ಡ್ರೋನ್ ಟೆಸ್ಟ್ ಮಾಡುವಾಗ, ಬಾಹಾ ಗಾಡಿ ಸ್ಟಾರ್ಟ್ ಮಾಡುವಾಗ, ಹೈ ವೋಲ್ಟೇಜ್ ಲ್ಯಾಬಿನಲ್ಲಿ ನಾವು ಹೇಗೆ ಮಾತಾಡ್ತೇವೆ ಅಂತ ಒಮ್ಮೆ ಗಮನಿಸಿ. ಒಬ್ಬ ಪ್ಯಾನೆಲ್ ಹತ್ತಿರ, ಇನ್ನೊಬ್ಬ ಮೋಟರ್ ಹತ್ತಿರ, ಸುತ್ತ ನಾಲ್ಕು ಜನ ರೀಲ್ಸ್ ಮಾಡ್ತಾ. ‘ಸಪ್ಲೈ ಆಫ್ ಮಾಡೋ’ ಅಂತ ಒಬ್ಬ ಕೂಗ್ತಾನೆ. ‘ಆಯ್ತು’ ಅಂತ ಉತ್ತರ ಬರುತ್ತದೆ. ಅವನು ಟರ್ಮಿನಲ್‌ಗೆ ಕೈ ಹಾಕ್ತಾನೆ.

ಮಾಡ್ತೀನಿ ಅಂತಲಾ, ಮಾಡಿದೆ ಅಂತಲಾ? ಕೈ ಹಾಕೋ ಮುಂಚೆ ಕೇಳಿ. ‘ಸಪ್ಲೈ ಆಫ್ ಮಾಡಿದ್ದೇನೆ, ಮೇನ್ ಸ್ವಿಚ್ ಕೆಳಗಿದೆ’ ಅಂತ ಪೂರ್ತಿ ಉತ್ತರ ಬರೋವರೆಗೆ ಕೈ ಜೇಬಿನಲ್ಲೇ ಇರಲಿ.